ನೆತ್ತಿಯ ಗಾಯದ ಚರಿತ್ರೆ

ಹುಮನಾಬಾದಿನ ನಮ್ಮ ಭಾವನವರಿಗೆ ಒಂಬತ್ತು ವರ್ಷಗಳ ಹಿಂದೆ ಹೈದರಾಬಾದಿನಲ್ಲಿ ತಲೆಯ ಶಸ್ತ್ರಕ್ರಿಯೆಯಾಯಿತು. ಗಡ್ಡೆ ಮಿದುಳಿನದಲ್ಲ, ಮಿದುಳನ್ನು ಸುತ್ತಿದ ಪೊರೆಯದು. ಕಳೆದ ವರ್ಷ ಕೆಮ್ಮು ಹತ್ತಿ, ಎಕ್ಸ್‌ರೇಯಲ್ಲಿ ಶ್ವಾಸಕೋಶದ ಮೇಲೆ ಕಲೆಗಳು ಕಂಡಾಗ ನಾವೆಲ್ಲ ಅವರ ಬೀಡಿಯನ್ನು ಬೈದೆವು. ವೈದ್ಯರು ಮಾತ್ರ ನೆತ್ತಿಯ ಗಾಯದ ಗುರುತನ್ನು ನೋಡಿ, "ಆಗಿನ ಕಾಗದಗಳಿವೆಯೇ?" ಎಂದು ಕೇಳಿದರು. ಆ ಒಂದು ಪ್ರಶ್ನೆ ನನ್ನನ್ನು ಈ ರೋಗದ ಚರಿತ್ರೆಯತ್ತ ಎಳೆಯಿತು.

ಈ ಗಡ್ಡೆಗೆ 'ಮೆನಿಂಜಿಯೋಮಾ' ಎಂದು 1922ರಲ್ಲಿ ಹೆಸರಿಟ್ಟವನು ಅಮೆರಿಕದ ಶಸ್ತ್ರವೈದ್ಯ ಹಾರ್ವಿ ಕುಶಿಂಗ್. ಅದಕ್ಕೂ ಮೊದಲೇ, 1910ರಲ್ಲಿ, ಆತ ಲಿಯೊನಾರ್ಡ್ ವುಡ್ ಎಂಬ ಸೇನಾಪತಿಯ ತಲೆಯಿಂದ ಇಂಥ ಗಡ್ಡೆಯನ್ನು ತೆಗೆದಿದ್ದ. ವುಡ್ ಮುಂದೆ ಫಿಲಿಪ್ಪೀನ್ಸಿನ ಗವರ್ನರ್ ಜನರಲನಾದ. ಗಡ್ಡೆ ಮರಳಿ ಬೆಳೆಯಿತು. 1927ರಲ್ಲಿ ಮತ್ತೊಮ್ಮೆ ಕುಶಿಂಗನ ಕೈಯಲ್ಲಿ ಶಸ್ತ್ರಕ್ರಿಯೆಯಾದ ಬಳಿಕ ಆತ ತೀರಿಕೊಂಡ. ಕುಶಿಂಗನೂ ಲೂಯಿಸ್ ಐಸೆನ್‌ಹಾರ್ಟ್ ಎಂಬ ವೈದ್ಯೆಯೂ ಕೂಡಿ ಈ ಗಡ್ಡೆಗಳ ಮೇಲೆಯೇ ಬರೆದ ಮಹಾಗ್ರಂಥ 1938ರಲ್ಲಿ ಹೊರಬಂದಿತು. ನಮ್ಮ ದೇಶದಲ್ಲಿ ಮಿದುಳಿನ ಶಸ್ತ್ರಚಿಕಿತ್ಸೆಯ ಮೊದಲ ವಿಭಾಗವನ್ನು ಜೇಕಬ್ ಚಾಂಡಿಯವರು ವೆಲ್ಲೂರಿನಲ್ಲಿ ತೆರೆದದ್ದು 1949ರಲ್ಲಿ.

ಈ ಗಡ್ಡೆಗಳಲ್ಲಿ ಬಹುಪಾಲು ಸೌಮ್ಯವಾದವು. ತಲೆಬುರುಡೆಯ ಒಳಗೇ ಮೆಲ್ಲಗೆ ಬೆಳೆಯುತ್ತವೆ. ವೈದ್ಯರು ಇವನ್ನು ಮೂರು ದರ್ಜೆಗಳಾಗಿ ವಿಂಗಡಿಸುತ್ತಾರೆ, ಮೂರನೆಯದು ಉಗ್ರವಾದದ್ದು. ಎಲ್ಲ ದರ್ಜೆಗಳನ್ನೂ ಕೂಡಿಸಿ ನೋಡಿದರೆ, ತಲೆ ಬಿಟ್ಟು ಹೊರಗೆ ಹರಡುವುದು ಸುಮಾರು ಸಾವಿರದಲ್ಲಿ ಒಂದು.

ಹರಡುವ ದಾರಿ ಯಾವುದು? ಬಸವಕಲ್ಯಾಣದಲ್ಲಿ ಪಾಠ ಹೇಳುವ ನನಗೆ ದಿನವೂ ಕಾಣುವ ಕೋಟೆಯೇ ನೆನಪಾಗುತ್ತದೆ. ಗೋಡೆ ಎಷ್ಟು ದಪ್ಪವಾಗಿದ್ದರೂ ನೀರು ಹೊರಹೋಗಲು ಕಿಂಡಿ ಇರಲೇಬೇಕು. ಮಿದುಳಿನ ಹೊರಪೊರೆಯಲ್ಲಿಯೂ ಮಲಿನ ರಕ್ತ ಹೃದಯಕ್ಕೆ ಮರಳುವ ದೊಡ್ಡ ಕಾಲುವೆಗಳಿವೆ. ಉಗ್ರ ಗಡ್ಡೆಯ ಕಣಗಳು ಅದರೊಳಗೆ ಬಿದ್ದರೆ ಹೃದಯವನ್ನು ದಾಟಿ ಶ್ವಾಸಕೋಶದ ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಆದುದರಿಂದಲೇ ಹರಡಿದಾಗ ಹೆಚ್ಚಾಗಿ ಕಾಣುವುದು ಅಲ್ಲಿ. ಯಕೃತ್ತು, ಮೂಳೆಗಳಲ್ಲಿಯೂ ಕಾಣುವುದುಂಟು. ಮೊದಲ ಶಸ್ತ್ರಕ್ರಿಯೆಯಾಗಿ ಎಷ್ಟೋ ವರ್ಷಗಳ ಮೇಲೆ ಕಾಣಿಸಿಕೊಳ್ಳಬಹುದು.

ಅಕ್ಕ ಟ್ರಂಕಿನ ತಳದಿಂದ, ಹೊಲದ ಪಹಣಿಯ ಜೊತೆಗೆ ಸುತ್ತಿಟ್ಟಿದ್ದ ಹಳೆಯ ಕಾಗದಗಳನ್ನು ತೆಗೆದುಕೊಟ್ಟಳು. ಅವುಗಳಲ್ಲಿದ್ದ ಸಂಖ್ಯೆಯಿಂದ ಹಳೆಯ ಗಡ್ಡೆಯ ತುಣುಕು ಸಿಕ್ಕಿತು. ಶ್ವಾಸಕೋಶದ ತುಣುಕನ್ನು ಪಕ್ಕದಲ್ಲಿಟ್ಟು ನೋಡಿದಾಗ ಎರಡೂ ಒಂದೇ ಜಾತಿಯವೆಂದು ತಿಳಿಯಿತು. ಚಿಕಿತ್ಸೆ ಅದಕ್ಕೆ ತಕ್ಕಂತೆ ಬದಲಾಯಿತು. ರೋಗ ಹೋಗಿದೆಯೆಂದು ನಾನು ಹೇಳಲಾರೆ. ಭಾವನವರು ಈ ಸಲವೂ ವೀರಭದ್ರನ ಜಾತ್ರೆಗೆ ನಡೆದೇ ಹೋಗಿ ಬಂದರು.

ಒಡೆದ ಶಾಸನದ ಚೂರೂ ಚರಿತ್ರೆಗೆ ಬೇಕೆಂದು ತರಗತಿಯಲ್ಲಿ ಹೇಳುವವನು ನಾನು. ಆಸ್ಪತ್ರೆಯ ಕಾಗದವನ್ನು ಜೋಪಾನ ಮಾಡಿದವಳು ಮಾತ್ರ ಓದು ಬಾರದ ನನ್ನ ಅಕ್ಕ.