ಕೆರೆಯ ಕೆಸರಿನಿಂದ ಶುರುವಾಗಬೇಕಾದ ಪಾಠ

ಬಿ.ಎಸ್ಸಿ. ಸೂಕ್ಷ್ಮಜೀವಿಶಾಸ್ತ್ರದ ಪ್ರಾಕ್ಟಿಕಲ್ ರೆಕಾರ್ಡಿನ ಮೊದಲ ಪುಟಗಳು ಹೆಚ್ಚುಕಡಿಮೆ ಎಲ್ಲೆಡೆ ಒಂದೇ: ಆಟೋಕ್ಲೇವಿನ ಬಳಕೆ, ಅಗರ್ ತಯಾರಿ, ಪೆಟ್ರಿ ತಟ್ಟೆಯ ಮೇಲೆ ಗೀರೆಳೆದು ಒಂದು ಜಾತಿಯನ್ನು ಬೇರ್ಪಡಿಸುವುದು, ಗ್ರಾಂ ಸ್ಟೇನ್. ವಿಷಯವೇ ಈ ಅನುಕ್ರಮವನ್ನು ಬೇಡುತ್ತದೆ ಎಂದು ನಂಬಿ ಕಲಿಸುತ್ತಾರೆ. ಆದರೆ ಇದು ಹುಟ್ಟಿದ್ದು 1880ರ ದಶಕದ ಬರ್ಲಿನ್ನಿನ ಅಗತ್ಯದಿಂದ. ರೋಗ ತಂದ ಜೀವಿಯನ್ನು ಉಳಿದವುಗಳ ನಡುವಿನಿಂದ ಎತ್ತಿ ತೋರಿಸಬೇಕೆಂಬುದು ರಾಬರ್ಟ್ ಕಾಕ್ ಅವರ ಹಟವಾಗಿತ್ತು. 1881ರಲ್ಲಿ ಲಂಡನ್ನಿನ ವೈದ್ಯಕೀಯ ಸಮ್ಮೇಳನದಲ್ಲಿ ಅವರು ತಮ್ಮ ಜೆಲಟಿನ್ ವಿಧಾನವನ್ನು ತೋರಿಸಿದರು. ಮೈಬಿಸಿಯಷ್ಟು ಶಾಖಕ್ಕೆ ಜೆಲಟಿನ್ ಕರಗಿಬಿಡುತ್ತಿತ್ತು. ಕೆಲವು ಬ್ಯಾಕ್ಟೀರಿಯಾ ಅದನ್ನೇ ತಿಂದು ನೀರಾಗಿಸುತ್ತಿದ್ದವು. ಕಾಕ್ ಅವರ ಪ್ರಯೋಗಾಲಯದಲ್ಲಿದ್ದ ವಾಲ್ಟರ್ ಹೆಸ್ಸೆಯವರ ಹೆಂಡತಿ ಫ್ಯಾನಿ, ತಮ್ಮ ಅಡುಗೆಮನೆಯಲ್ಲಿ ಜೆಲ್ಲಿಗೆ ಹಾಕುತ್ತಿದ್ದ ಅಗರನ್ನು ಸೂಚಿಸಿದ ಮೇಲೆ ಆ ತೊಂದರೆ ನೀಗಿತು. ಕಾಕ್ ಅವರ 1882ರ ಕ್ಷಯದ ಪ್ರಬಂಧದಲ್ಲಿ ಅಗರ್ ಬಂತು, ಫ್ಯಾನಿಯವರ ಹೆಸರು ಬರಲಿಲ್ಲ. ಅಗರ್ ಕಲಸುವ ಪ್ರತಿ ತರಗತಿಯಲ್ಲೂ ಈ ಹೆಸರನ್ನು ಹೇಳಬೇಕು. ಗ್ರಾಂ ಅವರ ವಿಧಾನ 1884ರದು, ಪೆಟ್ರಿಯವರ ತಟ್ಟೆ 1887ರದು. ಇವನ್ನು ಕಲಿಯಲು ಬೇರೆ ಬೇರೆ ದೇಶಗಳ ವೈದ್ಯರು ಬರ್ಲಿನ್ನಿಗೆ ಬಂದರು. ಅವರಿಗಾಗಿ ಕಟ್ಟಿದ ಪಾಠವೇ ಇಂದು ವೈದ್ಯರಾಗದ ವಿದ್ಯಾರ್ಥಿಗೂ ಮೊದಲ ಪಾಠವಾಗಿ ಉಳಿದಿದೆ. ಪಾಠ ಒಳ್ಳೆಯದೇ, ಅದನ್ನು ಮೊದಲಿಗಿಟ್ಟದ್ದು ಸರಿಯಲ್ಲ.

ಅದೇ ಕಾಲದಲ್ಲಿ ಇನ್ನೊಂದು ದಾರಿಯೂ ತೆರೆದಿತ್ತು. ರಷ್ಯಾದ ಸೆರ್ಗೈ ವಿನೋಗ್ರಾಡ್‌ಸ್ಕಿ ಮತ್ತು 1895ರಿಂದ ಡೆಲ್ಫ್ಟ್‌ನಲ್ಲಿ ಕಲಿಸಿದ ಮಾರ್ಟಿನಸ್ ಬೈಯರಿಂಕ್, ಇಂಥ ಪರಿಸರದಲ್ಲಿ ಯಾವ ಜೀವಿ ಏನು ಮಾಡಿ ಬದುಕುತ್ತದೆ ಎಂದು ಕೇಳಿದರು. ಸಾರಜನಕದ ಲವಣ ಹಾಕದ ದ್ರವಕ್ಕೆ ಬೈಯರಿಂಕ್ ತೋಟದ ಮಣ್ಣು ಬೆರೆಸಿದಾಗ, ಗಾಳಿಯ ಸಾರಜನಕವನ್ನೇ ಹಿಡಿಯಬಲ್ಲ ಅಜಟೋಬ್ಯಾಕ್ಟರ್ ಉಳಿದವನ್ನು ಹಿಂದಿಕ್ಕಿ ಬೆಳೆಯಿತು. ಅದನ್ನವರು 1901ರಲ್ಲಿ ವಿವರಿಸಿದರು. ವಿನೋಗ್ರಾಡ್‌ಸ್ಕಿಯವರ ಹೆಸರಿನ ಕಂಬ ಇನ್ನೂ ಸರಳ. ಎತ್ತರದ ಗಾಜಿನ ಜಾಡಿಗೆ ಕೆರೆಯ ಕೆಸರು, ಹರಿದ ಕಾಗದ, ಒಂದಿಷ್ಟು ಜಿಪ್ಸಮ್ ಕಲಸಿ ತುಂಬಿ, ಮೇಲೆ ನೀರು ಹೊಯ್ದು ಕಿಟಕಿಯ ಬಳಿ ಇಟ್ಟರೆ ಕೆಲವು ವಾರಗಳಲ್ಲಿ ತಳ ಕಪ್ಪಾಗುತ್ತದೆ. ಕಾಗದ ಕೊಳೆಸುವ ಜೀವಿಗಳು ಬಿಟ್ಟದ್ದನ್ನು ಇನ್ನೊಂದು ಗುಂಪು ಉಂಡು, ಜಿಪ್ಸಮ್ಮಿನ ಸಲ್ಫೇಟನ್ನು ಕೊಳೆತ ಮೊಟ್ಟೆಯ ವಾಸನೆಯ ಅನಿಲವಾಗಿಸುತ್ತದೆ. ಆ ಅನಿಲವೂ ಬೆಳಕೂ ಒಟ್ಟಿಗೆ ಸಿಗುವಲ್ಲಿ ಹಸಿರು ಪಟ್ಟೆ, ಅದರ ಮೇಲೆ ನೇರಳೆ ಪಟ್ಟೆ ಮೂಡುತ್ತದೆ. ಈ ಬಣ್ಣದ ಬ್ಯಾಕ್ಟೀರಿಯಾಗಳನ್ನೇ ಅಭ್ಯಾಸ ಮಾಡಿ, ಡೆಲ್ಫ್ಟ್‌ನಲ್ಲಿ ಪಳಗಿದ ಸಿ. ಬಿ. ವಾನ್ ನೀಲ್, ಗಿಡಗಳು ಬಿಡುವ ಆಮ್ಲಜನಕ ನೀರಿನಿಂದ ಬರುತ್ತದೆಂದು 1930ರ ದಶಕದಲ್ಲಿ ತರ್ಕಿಸಿದರು. ಕ್ಯಾಲಿಫೋರ್ನಿಯದ ಪೆಸಿಫಿಕ್ ಗ್ರೋವ್‌ನಲ್ಲಿ 1962ರವರೆಗೆ ಅವರು ನಡೆಸಿದ ಬೇಸಿಗೆ ಕೋರ್ಸಿಗೆ ಆರ್ಥರ್ ಕಾರ್ನ್‌ಬರ್ಗ್ 1953ರಲ್ಲಿ ಬಂದು ಕಲಿತರು. 1959ರಲ್ಲಿ ಕಾರ್ನ್‌ಬರ್ಗ್ ಅವರಿಗೆ ನೊಬೆಲ್ ಬಂತು. ವಾನ್ ನೀಲ್ ಅವರ ಶಿಷ್ಯರಾದ ಸ್ಟೇನಿಯರ್ ಮತ್ತು ಡೌಡೊರಾಫ್, ಅಡೆಲ್‌ಬರ್ಗ್ ಜೊತೆ 1957ರಲ್ಲಿ ತಂದ ‘ದಿ ಮೈಕ್ರೋಬಿಯಲ್ ವರ್ಲ್ಡ್’ ಈ ನೋಟವನ್ನು ಪಠ್ಯಪುಸ್ತಕಕ್ಕೆ ಇಳಿಸಿತು.

ವಾನ್ ನೀಲ್ ಅವರದು ಆಯ್ದ ಕೆಲವರ ಕೋರ್ಸು, ತುಂಬಿದ ಪದವಿ ತರಗತಿಗೆ ಅದು ಹೊಂದದು ಎಂಬ ಆಕ್ಷೇಪದಲ್ಲಿ ಹುರುಳಿದೆ. ಅವರ ದಿನವಿಡೀ ನಡೆಯುವ ಚರ್ಚೆಯನ್ನು ಮೂರು ಗಂಟೆಯ ಪ್ರಾಕ್ಟಿಕಲ್‌ಗೆ ತರಲಾಗದು. ಕಂಬಕ್ಕಾದರೋ ಆಟೋಕ್ಲೇವೂ ಬೇಡ, ದುಬಾರಿ ರಾಸಾಯನಿಕವೂ ಬೇಡ. ವಾರಕ್ಕೊಮ್ಮೆ ನೋಡಿ ಬರೆದಿಟ್ಟರಾಯಿತು. ಕೆಸರಿನಲ್ಲಿ ರೋಗಾಣುಗಳಿರಬಹುದೆಂಬ ಭಯಕ್ಕೆ, ಅವನ್ನು 37 ಡಿಗ್ರಿಯಲ್ಲಿ ತಟ್ಟೆಯ ಮೇಲೆ ಬೆಳೆಸುವುದಕ್ಕಿಂತ ಜಾಡಿಯಲ್ಲೇ ಬಿಡುವುದು ಸುರಕ್ಷಿತ ಎನ್ನಬಹುದು. ಇನ್ನೂ ಗಟ್ಟಿಯಾದ ಆಕ್ಷೇಪವೆಂದರೆ, ಜಾತಿಯನ್ನು ಬೇರ್ಪಡಿಸಲು ಬಾರದವನ ಫಲಿತಾಂಶವನ್ನು ನಂಬುವುದು ಹೇಗೆ, ಆಸ್ಪತ್ರೆಯ ಲ್ಯಾಬಿನಲ್ಲಿ ಅವನಿಗೆ ಕೆಲಸ ಕೊಡುವವರು ಯಾರು ಎಂಬುದು. ಒಪ್ಪಿದೆ, ಬೈಯರಿಂಕ್ ಕೂಡ ದ್ರವದಲ್ಲಿ ಗೆದ್ದ ಜೀವಿಯನ್ನು ಆಮೇಲೆ ಬೇರ್ಪಡಿಸಿಯೇ ಬೆಳೆಸಿದರು. ಆ ಕೌಶಲ ಇರಲಿ, ಎರಡನೆಯದಾಗಿ ಬರಲಿ. ಏಕೆಂದರೆ ಮಣ್ಣಿನಲ್ಲಿ ಸೂಕ್ಷ್ಮದರ್ಶಕಕ್ಕೆ ಕಾಣುವ ಜೀವಕೋಶಗಳಲ್ಲಿ ಸಾಮಾನ್ಯ ತಟ್ಟೆಯ ಮೇಲೆ ಬೆಳೆಯುವವು ಬಹುಮಟ್ಟಿಗೆ ನೂರಕ್ಕೊಂದು ಪಾಲೂ ಇಲ್ಲ. ತಟ್ಟೆಯಿಂದಲೇ ಶುರುಮಾಡಿದ ವಿದ್ಯಾರ್ಥಿ ಆ ಒಂದು ಪಾಲನ್ನೇ ಇಡೀ ಲೋಕವೆಂದುಕೊಳ್ಳುತ್ತಾನೆ. ಜೀವಿ ಒಂಟಿಯಾಗಿಯೇ ಬದುಕುತ್ತದೆಂಬ ಎಣಿಕೆಯಿಂದ ನುರಿತವರೂ ಮೋಸಹೋಗಿದ್ದಾರೆ. ಆಲ್ಕೋಹಾಲಿನಿಂದ ಮಿಥೇನ್ ಮಾಡುವ ಮೆಥನೋಬ್ಯಾಸಿಲಸ್ ಒಮೆಲಿಯಾನ್‌ಸ್ಕಿಯನ್ನು ದಶಕಗಳ ಕಾಲ ಒಂದೇ ಜಾತಿಯೆಂದು ನಂಬಿದ್ದರು. 1967ರಲ್ಲಿ ಮಾರ್ವಿನ್ ಬ್ರಯಂಟ್ ಮತ್ತು ಸಂಗಡಿಗರು ಅದರಲ್ಲಿ ಎರಡು ಜೀವಿಗಳಿರುವುದನ್ನು ತೋರಿಸಿದರು: ಒಂದು ಆಲ್ಕೋಹಾಲನ್ನು ಒಡೆದು ಜಲಜನಕ ಬಿಡುತ್ತದೆ, ಇನ್ನೊಂದು ಆ ಜಲಜನಕದಿಂದ ಮಿಥೇನ್ ಮಾಡುತ್ತದೆ. ಜಲಜನಕ ತೆಗೆಯುವ ಜೊತೆಗಾರ ಇಲ್ಲದಿದ್ದರೆ ಮೊದಲನೆಯದು ಆಲ್ಕೋಹಾಲಿನ ಮೇಲೆ ಸರಿಯಾಗಿ ಬೆಳೆಯಲಾರದು.