ಪಂಜರದ ಚರಿತ್ರೆ, ಭಾಗ 4: ‘ಲವ್ ಬರ್ಡ್ಸ್’ ಯಾಕ ಕಾದಾಡ್ತಾವ?

ಮೋಮಿನಪುರದಾಗ ಪಂಜರದ ಈ ಪುಟ್ಟ ಗಿಳಿ ತೋರಿಸಿ ಕೇಳ್ರಿ, ‘ಲವ್ ಬರ್ಡ್ಸ್’ ಅಂತಾರ. ಖರೆ ಲವ್ ಬರ್ಡ್ ಆಫ್ರಿಕಾದ್ದು. ಇದು ಆಸ್ಟ್ರೇಲಿಯಾದ ಬಜರಿಗರ್. 1840ರಲ್ಲಿ ಪಕ್ಷಿತಜ್ಞ ಜಾನ್ ಗೌಲ್ಡ್ ಇದನ್ನು ಜೀವಂತ ಇಂಗ್ಲೆಂಡಿಗೆ ಒಯ್ದರು. ಮುಂದೆ ಇದು ಜಗತ್ತಿನ ಪಂಜರಗಳನ್ನೆಲ್ಲ ಸೇರಿತು.

ಆದ್ರ ತವರಿನ ರೂಢಿ ಬಿಟ್ಟಿಲ್ಲ. ಅಲ್ಲಿ ಒಣನಾಡಿಗೆ ಮಳೆ ಬಿದ್ದು ಹುಲ್ಲುಬೀಜ ಆದಾಗ ಹಿಂಡಾಗಿ ಮರಿ ಮಾಡ್ತಾವ. ಗೂಡು ಕಟ್ಟಂಗಿಲ್ಲ, ಮರದ ಪೊಟರೆ ಹಿಡೀತಾವ. ಆ ಪೊಟರೆಗಾಗಿ ಜಗಳಕ್ಕ ನಿಲ್ಲೋದು ಹೆಣ್ಣು. ಪಂಜರದಾಗ ಪೊಟರೆ ಅಂದ್ರ ನೀವು ಕಟ್ಟಿದ ಗಡಿಗಿ. ಗಡಿಗಿ ಕಡಿಮಿ ಬಿದ್ರ ಮರಿ ಸಾಯ್ತಾವ, ಒಮ್ಮೊಮ್ಮೆ ತಾಯಿನೂ.

ಹಂಗಾಗಿ ಜೋಡಿ ಸರಿಯಾಗಿ ಎಣಿಸ್ರಿ. ಕೊಕ್ಕಿನ ಮೇಲಿನ ಚರ್ಮ ಬೆಳೆದ ಗಂಡಿಗೆ ಸಾಮಾನ್ಯವಾಗಿ ನೀಲಿ, ಹೆಣ್ಣಿಗೆ ಕಂದು. ಒಂಟಿ ಹೆಣ್ಣನ್ನು ಬೇರೆ ಇಡ್ರಿ. ನಾಲ್ಕು ಜೋಡಿಗೆ ಎಂಟು ಗಡಿಗಿ, ಎಲ್ಲಾ ಒಂದೇ ಎತ್ತರಕ್ಕ. ಜೋಡಿಗಳನ್ನ ಒಂದೇ ದಿನ ಒಳಗ ಬಿಡ್ರಿ. ತಡವಾಗಿ ಬಂದ ಹಕ್ಕಿಗೆ ಪೆಟ್ಟು ಜಾಸ್ತಿ.

ನಮ್ಮ ಊರ ಹಸಿರು ಗಿಳಿನ ಮಾತ್ರ ಪಂಜರಕ್ಕ ಹಾಕಬ್ಯಾಡ್ರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ.

ಹಕ್ಕಿ ಸಾಕಿದ ಗೆಳೆಯಾರಿಗೆ ಕಳಸ್ರಿ. ಕಾಡಿನಾಗ ಹಸಿರಿದ್ದ ಬಜರಿಗರ್ ಪಂಜರದಾಗ ನೀಲಿ ಹೆಂಗಾತು? ಅದು ಭಾಗ 5ರಾಗ.