ಟಿಬೆಟ್ಟಿಗರ ತಾಯ್ನಾಡಿನ ಎಲ್ಲೆ

ಟಿಬೆಟ್ ಎಂದೊಡನೆ ನಮ್ಮವರ ಮನಸ್ಸಿನಲ್ಲಿ ಮೂಡುವುದು ಕೈಲಾಸ ಪರ್ವತ ಮತ್ತು ಮಾನಸ ಸರೋವರ. ಸಿಂಧು, ಸಟ್ಲೆಜ್, ಬ್ರಹ್ಮಪುತ್ರಾ ನದಿಗಳು ಹುಟ್ಟುವ ಆ ಸೀಮೆ ಶಿವಭಕ್ತರಿಗೆ ಪೂಜ್ಯವಾದುದು. ಆದರೆ ಅದು ಆ ನಾಡಿನ ಪಶ್ಚಿಮದ ಒಂದು ಮೂಲೆ ಮಾತ್ರ. ದಕ್ಷಿಣದ ಹಿಮಾಲಯಕ್ಕೂ ಉತ್ತರದ ಕುನ್‌ಲುನ್ ಶ್ರೇಣಿಗೂ ನಡುವೆ ಸುಮಾರು 25 ಲಕ್ಷ ಚದರ ಕಿಲೋಮೀಟರ್ ಹರಡಿರುವ ಪ್ರಸ್ಥಭೂಮಿಯೇ ಟಿಬೆಟ್ಟಿಗರ ನೆಲೆ. ಅವರು ಅದನ್ನು ‘ಬೋದ್’ ಎನ್ನುವರು. ಸಂಸ್ಕೃತದ ‘ಭೋಟ’ ಇದೇ.

ಈ ನಾಡು ಮೂರು ಸೀಮೆಗಳಿಂದ ಕೂಡಿದುದು. ಲ್ಹಾಸಾ ನಗರವುಳ್ಳ ಊ-ತ್ಸಾಂಗ್, ಬಾರ್ಲಿ ಬೆಳೆಯುವ ನದೀಕಣಿವೆಗಳ ಸೀಮೆ. ಪೂರ್ವದ ಖಾಮ್‌ನಲ್ಲಿ ಸಾಲ್ವಿನ್, ಮೆಕಾಂಗ್, ಯಾಂಗ್‌ಟ್ಸಿ ನದಿಗಳು ಆಳವಾದ ಕಂದರಗಳಲ್ಲಿ ಅಕ್ಕಪಕ್ಕದಲ್ಲಿಯೇ ಹರಿಯುತ್ತವೆ. ಈಶಾನ್ಯದ ಆಮ್ದೋ ಹುಲ್ಲುಗಾವಲುಗಳ, ಪಶುಪಾಲಕರ ಸೀಮೆ. ಧರ್ಮಕ್ಕೆ ಊ-ತ್ಸಾಂಗ್, ಜನರಿಗೆ ಖಾಮ್, ಕುದುರೆಗಳಿಗೆ ಆಮ್ದೋ ಎಂಬ ಮಾತು ಅವರಲ್ಲಿ ರೂಢಿಯಲ್ಲಿದೆ.

ಕ್ರಿ.ಶ. 7ನೆಯ ಶತಮಾನದಲ್ಲಿ ಸೊಂಗ್‌ತ್ಸೆನ್ ಗಾಂಪೊ ಈ ಎತ್ತರದ ನಾಡಿನ ಬಣಗಳನ್ನು ಒಂದು ಸಾಮ್ರಾಜ್ಯವಾಗಿ ಕಟ್ಟಿದನು. ಭಾರತದ ಲಿಪಿಯನ್ನು ಅನುಸರಿಸಿ ಟಿಬೆಟ್ಟಿನ ಲಿಪಿ ರೂಪುಗೊಂಡದ್ದೂ ಆ ಕಾಲದಲ್ಲಿಯೇ. 763ರಲ್ಲಿ ಟಿಬೆಟ್ಟಿನ ಸೇನೆ ಚೀನಾದ ರಾಜಧಾನಿಯನ್ನೇ ಕೆಲದಿನ ಹಿಡಿದಿತ್ತೆಂಬುದು ಇಂದಿನ ಓದುಗರಿಗೆ ಅಚ್ಚರಿ ತರಬಹುದು. 821-822ರ ಒಪ್ಪಂದದಲ್ಲಿ ಎರಡು ರಾಜ್ಯಗಳೂ ತಮ್ಮ ಗಡಿಯನ್ನು ಗೊತ್ತುಪಡಿಸಿಕೊಂಡವು. ಅದನ್ನು ಕೆತ್ತಿದ ಶಿಲಾಸ್ತಂಭ ಲ್ಹಾಸಾದಲ್ಲಿದೆ. ಆದರೆ ಇಪ್ಪತ್ತು-ಇಪ್ಪತ್ತೈದು ವರ್ಷಗಳಲ್ಲಿಯೇ ಆ ಸಾಮ್ರಾಜ್ಯ ಒಡೆಯಿತು.

1642ರಲ್ಲಿ ಐದನೆಯ ದಲೈ ಲಾಮಾ ಅವರ ಆಡಳಿತ ಲ್ಹಾಸಾದಲ್ಲಿ ನೆಲೆಗೊಂಡಿತಾದರೂ ಮೂರು ಸೀಮೆಗಳು ಒಂದೇ ಆಳ್ವಿಕೆಯಲ್ಲಿ ಬಹುಕಾಲ ಉಳಿಯಲಿಲ್ಲ. 18ನೆಯ ಶತಮಾನದ ಮೊದಲರ್ಧದಲ್ಲಿಯೇ ಮಂಚು ಅರಸರು ಆಮ್ದೋವನ್ನೂ ಪೂರ್ವ ಖಾಮನ್ನೂ ಲ್ಹಾಸಾದಿಂದ ಬೇರ್ಪಡಿಸಿದರು. 1913-14ರ ಸಿಮ್ಲಾ ಸಮ್ಮೇಳನದಲ್ಲಿ ಗಡಿಯ ಪ್ರಶ್ನೆ ಮತ್ತೆ ಎದ್ದು, ಬಗೆಹರಿಯದೆ ಹೋಯಿತು. ಲ್ಹಾಸಾದ ಅಧಿಕಾರ ಅಲ್ಲಿ ನಡೆಯುತ್ತಿರಲಿಲ್ಲವೆಂಬ ಚೀನಾದ ವಾದ ಹಾಗಾಗಿ ಪೂರ್ತಿ ಹುಸಿಯಲ್ಲ. ಆದರೆ ಕಂದಾಯ ಯಾರಿಗೆ ಸಲ್ಲುತ್ತಿತ್ತೆಂಬುದು ಒಂದು ಮಾತು, ಜನರು ತಮ್ಮವರೆಂದು ಯಾರನ್ನು ತಿಳಿದಿದ್ದರೆಂಬುದು ಇನ್ನೊಂದು. ಲ್ಹಾಸಾದ ಬಳಿ 1409ರಲ್ಲಿ ಗಾಂದೆನ್ ಮಠವನ್ನು ಸ್ಥಾಪಿಸಿದ ತ್ಸೊಂಗ್‌ಖಾಪಾ ಆಮ್ದೋದವರು. 1935ರಲ್ಲಿ ಜನಿಸಿದ ಇಂದಿನ ದಲೈ ಲಾಮಾ ಅವರೂ ಆಮ್ದೋದವರೇ.

ಈ ಗಡಿಯ ವಿಚಾರ ಕೇವಲ ಪಂಡಿತರ ಚರ್ಚೆಯಾಗಿ ಉಳಿಯಲಿಲ್ಲ. 1950ರ ಅಕ್ಟೋಬರಿನಲ್ಲಿ ಚೀನಾದ ಸೈನ್ಯ ಯಾಂಗ್‌ಟ್ಸಿಯನ್ನು ದಾಟಿ ಚಾಮ್ದೋವನ್ನು ಹಿಡಿಯಿತು. ಮರುವರ್ಷದ 17 ಅಂಶಗಳ ಒಪ್ಪಂದವು ಟಿಬೆಟ್ಟಿನ ವ್ಯವಸ್ಥೆಯನ್ನು ಬದಲಿಸುವುದಿಲ್ಲವೆಂದು ಭರವಸೆಯಿತ್ತಿತು. ಆ ಭರವಸೆಯನ್ನು ಲ್ಹಾಸಾ ಸರ್ಕಾರದ ಪ್ರದೇಶಕ್ಕಷ್ಟೇ ಅನ್ವಯಿಸಲಾಯಿತು. ಪೂರ್ವ ಖಾಮ್, ಆಮ್ದೋಗಳಲ್ಲಿ 1955-56ರಿಂದ ಭೂಮಿಯನ್ನೂ ಮಠಗಳ ಆಸ್ತಿಯನ್ನೂ ವಶಪಡಿಸಿಕೊಳ್ಳುವ ಕ್ರಮಗಳು ಆರಂಭವಾದವು. ಜನ ದಂಗೆಯೆದ್ದರು, 1956ರಲ್ಲಿ ಲಿಥಾಂಗ್ ಮಠದ ಮೇಲೆ ವಿಮಾನಗಳಿಂದ ಬಾಂಬು ಬಿದ್ದಿತು. ನೆಲೆ ತಪ್ಪಿದ ಸಹಸ್ರಾರು ಜನ ಲ್ಹಾಸಾಕ್ಕೆ ಓಡಿಬಂದರು. 1959ರ ಮಾರ್ಚಿನಲ್ಲಿ ಅಲ್ಲಿ ಬಂಡಾಯ ಸಿಡಿಯಿತು. ಅದೇ ತಿಂಗಳ 31ರಂದು ದಲೈ ಲಾಮಾ ಭಾರತದ ನೆಲವನ್ನು ಮುಟ್ಟಿದರು.

1965ರಲ್ಲಿ ರಚಿತವಾದ ಟಿಬೆಟ್ ಸ್ವಾಯತ್ತ ಪ್ರದೇಶದ ವಿಸ್ತೀರ್ಣ ಸುಮಾರು 12 ಲಕ್ಷ ಚದರ ಕಿಲೋಮೀಟರ್. ಉಳಿದ ಭಾಗ ಚಿಂಗ್‌ಹಾಯ್, ಸಿಚುವಾನ್, ಗಾನ್ಸು, ಯುನ್ನಾನ್ ಪ್ರಾಂತಗಳಿಗೆ ಸೇರಿದೆ. ಚೀನಾದಲ್ಲಿರುವ ಟಿಬೆಟ್ಟಿಗರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಇರುವುದು ಈ ಪ್ರಾಂತಗಳಲ್ಲಿಯೇ. ದಲೈ ಲಾಮಾ ಅವರ ಹುಟ್ಟೂರು ತಕ್‌ತ್ಸೆರ್ ಕೂಡ ಇಂದಿನ ನಕ್ಷೆಯಲ್ಲಿ ‘ಟಿಬೆಟ್’ ಎಂದು ಗುರುತಿಸಿದ ಗೆರೆಯ ಹೊರಗಿದೆ.

ಕರ್ನಾಟಕದಲ್ಲಿ ನಿರಾಶ್ರಿತರಿಗೆ 1960ರ ದಶಕದಲ್ಲಿ ಬೈಲಕುಪ್ಪೆಯಲ್ಲಿಯೂ ಮುಂಡಗೋಡಿನಲ್ಲಿಯೂ ಭೂಮಿ ದೊರೆಯಿತು. ಲ್ಹಾಸಾ ಸುತ್ತಿನ ಮೂರು ಮಹಾಮಠಗಳು ಅಲ್ಲಿ ಮರುಸ್ಥಾಪನೆಗೊಂಡವು: ಸೆರಾ ಬೈಲಕುಪ್ಪೆಯಲ್ಲಿ, ಡ್ರೆಪುಂಗ್ ಮತ್ತು ಗಾಂದೆನ್ ಮುಂಡಗೋಡಿನಲ್ಲಿ. ಭಿಕ್ಷುಗಳನ್ನು ಹುಟ್ಟಿದ ಸೀಮೆಗೆ ಅನುಸಾರವಾಗಿ ‘ಖಾಂಗ್‌ತ್ಸೆನ್’ ಎಂಬ ವಸತಿಗೃಹಗಳಿಗೆ ಸೇರಿಸಿಕೊಳ್ಳುವುದು ಈ ಮಠಗಳ ಹಳೆಯ ಪದ್ಧತಿ. ಖಾಮ್, ಆಮ್ದೋಗಳ ಹೆಸರಿನಲ್ಲಿ ಬಂದವರಿಗೆ ಮೀಸಲಾದ ಆ ಗೃಹಗಳು ಮುಂಡಗೋಡಿನ ಬಯಲಿನಲ್ಲಿಯೂ ಹಾಗೆಯೇ ಮುಂದುವರಿದಿವೆ.